‘ಫೋಟೊನೇ ಇದ್ದಂಗಿದೆ’ ಅನ್ನಿಸಿಕೊಂಡರೆ ಸಾಕಾ?

ಪ್ರಶ್ನೆ: ನನ್ನ ಮಗ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾನೆ. ಫೋನಿನಲ್ಲಿ ಸಿಕ್ಕ ಫೋಟೊ ನೋಡಿಕೊಂಡು ಪೆನ್ಸಿಲ್‌ನಲ್ಲಿ ಸಿನಿಮಾ ನಟರ ಭಾವಚಿತ್ರ ಬಿಡಿಸುತ್ತಾನೆ. ನೋಡಿದವರೆಲ್ಲ ‘ಫೋಟೊನೇ ಇದ್ದಂಗಿದೆ’ ಅಂತಾರೆ. ಅವನ ಡ್ರಾಯಿಂಗ್ ಮೇಷ್ಟ್ರು ಮಾತ್ರ ‘ಇದು ಕಾಪಿ, ಕಲೆ ಅಲ್ಲ’ ಅಂದುಬಿಟ್ಟರು. ಅವತ್ತಿಂದ ಮಂಕಾಗಿದ್ದಾನೆ. ಇತ್ತ ಇಂಗ್ಲೆಂಡ್ ರಾಜನ ಆ ಕೆಂಪು ಚಿತ್ರ ನೋಡಿದೆ, ಮೈಯೆಲ್ಲ ಬೆಂಕಿ ಹತ್ತಿದ ಹಾಗಿದೆ, ಅದನ್ನು ದೊಡ್ಡ ಕಲೆ ಅಂತಾರೆ. ಹಾಗಾದರೆ ಹೋಲಿಕೆ ಮುಖ್ಯ ಅಲ್ವಾ? ಈಗಿನ ಕಲಾವಿದರಲ್ಲಿ ಅವನು ಯಾರನ್ನು ನೋಡಬೇಕು? ಇದರಲ್ಲಿ ಬದುಕು ಕಟ್ಟಿಕೊಳ್ಳಬಹುದಾ? ಪೆನ್ಸಿಲ್ ಬಿಟ್ಟು ಬಣ್ಣಕ್ಕೆ ಹೋಗಬೇಕಾ? ಅವನ ಮೂರು ಚಿತ್ರ ಜೊತೆಗಿಟ್ಟಿದ್ದೇನೆ.
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ:

ಮೇಡಂ, ಮೂರೂ ಚಿತ್ರ ನೋಡಿದೆ. ಕೈ ಚೆನ್ನಾಗಿದೆ. ಶೇಡಿಂಗ್ ಹದ ಗೊತ್ತಿದೆ. ಕೂದಲನ್ನು ಒಂದೊಂದೇ ಎಳೆಯಾಗಿ ಗೀಚುತ್ತಾ ಕೂರದೆ ಗುಂಪಾಗಿ ನೋಡುವುದು ಅವನಿಗೆ ಆಗಲೇ ಬಂದಿದೆ, ಆ ವಯಸ್ಸಿಗೆ ಅದು ಸಣ್ಣ ವಿಷಯ ಅಲ್ಲ. ಹಾಗಾಗಿ ಮೇಷ್ಟ್ರ ಮಾತು ಒರಟಾಯಿತು. ಸುಳ್ಳು ಅಂತ ಮಾತ್ರ ಹೇಳಲಾರೆ. ಆ ನಟ ಎಲ್ಲಿ ನಿಲ್ಲಬೇಕು, ಬೆಳಕು ಯಾವ ಕಡೆಯಿಂದ ಬೀಳಬೇಕು, ಮುಖ ಎಷ್ಟು ತಿರುಗಿರಬೇಕು, ನಗುವನ್ನು ಯಾವ ಗಳಿಗೆಯಲ್ಲಿ ಹಿಡಿಯಬೇಕು, ಇದನ್ನೆಲ್ಲ ತೀರ್ಮಾನ ಮಾಡಿದವರು ಆ ಫೋಟೊ ತೆಗೆದವರು. ನಿಮ್ಮ ಮಗ ಬಂದದ್ದು ಎಲ್ಲ ಮುಗಿದ ಮೇಲೆ. ಬಡಿಸಿಟ್ಟ ಎಲೆ ಮುಂದೆ ಕೂತು ಅಡುಗೆ ನಂದೇ ಅಂದಂಗಾಯಿತು. ಯಾವುದೇ ಭಾವಚಿತ್ರ ನೋಡಿದಾಗ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಇಲ್ಲಿರುವ ತೀರ್ಮಾನಗಳು ಯಾರವು? ಹೋಲುತ್ತಾ ಇಲ್ಲವಾ ಅನ್ನುವುದು ಆಮೇಲಿನ ಮಾತು.

ಈಗ ಆ ಕೆಂಪು ರಾಜನ ವಿಷಯ. ಬರೆದವರು ಜೊನಾಥನ್ ಯೋ. ಚಿತ್ರ ಹೊರಬಿದ್ದದ್ದು 2024ರ ಮೇ ತಿಂಗಳಲ್ಲಿ, ಬಕಿಂಗ್‌ಹ್ಯಾಮ್ ಅರಮನೆಯಲ್ಲಿ. ಎಂಟೂವರೆ ಅಡಿ ಎತ್ತರ, ಆರೂವರೆ ಅಡಿ ಅಗಲ. ಶುರುವಾದದ್ದು 2021ರಲ್ಲಿ, ಆಗ ಚಾರ್ಲ್ಸ್ ಇನ್ನೂ ಯುವರಾಜ. ನಾಲ್ಕು ಸಲ ಎದುರು ಕೂತರು, ಕೊನೇ ಸಲ ಕೂರುವಷ್ಟರಲ್ಲಿ ರಾಜ ಆಗಿಬಿಟ್ಟಿದ್ದರು. ಭುಜದ ಮೇಲೆ ಒಂದು ಚಿಟ್ಟೆ ಇದೆ, ಹುಳ ಚಿಟ್ಟೆಯಾದಂತೆ ಯುವರಾಜ ರಾಜನಾದ ಅಂತ ಸೂಚನೆ. ಚಿಟ್ಟೆ ನನಗೆ ಸ್ವಲ್ಪ ಸಲೀಸು ಅನ್ನಿಸಿತು, ಅದಿರಲಿ. ಆದರೆ ಒಮ್ಮೆ ಮುಖ ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ಕೈಯಿಂದ ಮುಚ್ಚಿ ನೋಡಿ. ಮುಖ ಪಕ್ಕಾ ಹೋಲಿಕೆಯಲ್ಲಿದೆ. ವಯಸ್ಸಾದ, ದಣಿದ, ಸೌಮ್ಯವಾದ ಮುಖ. ಸಮವಸ್ತ್ರ, ಪದಕ, ಕತ್ತಿ ಮಾತ್ರ ಆ ಕೆಂಪಿನಲ್ಲಿ ಕರಗಿಹೋಗಿವೆ. ವೆಲ್ಷ್ ಗಾರ್ಡ್ಸ್ ಪಡೆಯ ಸಮವಸ್ತ್ರ ಹೇಗೂ ಕೆಂಪು. ಅದೇ ಬಣ್ಣವನ್ನು ಹಿನ್ನೆಲೆಗೂ ಹರಿಸಿ, ಠೀವಿಯನ್ನೆಲ್ಲ ಹಿಂದಕ್ಕೆ ತಳ್ಳಿ ಮನುಷ್ಯನನ್ನು ಮುಂದಕ್ಕೆ ತಂದರು. ಇದು ಒಂದು ತೀರ್ಮಾನ. ನಿಮಗೆ ಹಿಡಿಸಲಿಲ್ಲ ಅಂದರೆ ಅದೂ ನ್ಯಾಯವೇ, ಬಹಳ ಜನಕ್ಕೆ ಹಿಡಿಸಲಿಲ್ಲ. ಆದರೆ ‘ಬರೋದಿಲ್ಲ ಅಂತ ಹೀಗೆ ಬಳಿದಿದ್ದಾನೆ’ ಅನ್ನೋ ಮಾತು ಅಲ್ಲಿ ನಿಲ್ಲುವುದಿಲ್ಲ.

ಹೋಲಿಕೆಗಾಗಿ ಜನ ಕೋರ್ಟ್ ಮೆಟ್ಟಿಲನ್ನೂ ಹತ್ತಿದ್ದಾರೆ. ಆಸ್ಟ್ರೇಲಿಯಾದಲ್ಲಿ ಆರ್ಚಿಬಾಲ್ಡ್ ಬಹುಮಾನ ಅಂತ ಇದೆ. 1921ರಿಂದ ನಡೆದುಬಂದಿದೆ, ಭಾವಚಿತ್ರಕ್ಕೇ ಮೀಸಲು. ಸಿಡ್ನಿಯ ಕಲಾ ಗ್ಯಾಲರಿಯಲ್ಲಿ ಪ್ರತಿ ವರ್ಷ ಜನ ಜಾತ್ರೆಗೆ ಬಂದ ಹಾಗೆ ಬರುತ್ತಾರೆ. 1943ರ ಬಹುಮಾನ ವಿಲಿಯಂ ಡೊಬೆಲ್ ಅನ್ನುವ ಕಲಾವಿದನಿಗೆ ಬಂತು, ತನ್ನ ಗೆಳೆಯ, ಕಲಾವಿದನೇ ಆದ ಜೋಶುವಾ ಸ್ಮಿತ್‌ನ ಚಿತ್ರಕ್ಕೆ. ಕತ್ತು ಉದ್ದ, ಕೈ ಉದ್ದ, ಮೂಳೆ ಎದ್ದು ಕಾಣುವ ಮೈ. ಇಬ್ಬರು ಸಹ ಕಲಾವಿದರು ಕೇಸು ಹಾಕಿದರು: ಇದು ಭಾವಚಿತ್ರವಲ್ಲ, ವ್ಯಂಗ್ಯಚಿತ್ರ, ಬಹುಮಾನ ವಾಪಸ್ ತಗೊಳ್ಳಿ ಅಂತ. 1944ರಲ್ಲಿ ವಿಚಾರಣೆ ನಡೆದು ಡೊಬೆಲ್ ಗೆದ್ದರು. ಎಳೆದು ಉದ್ದ ಮಾಡಿದ ಮಾತ್ರಕ್ಕೆ ಅದು ಭಾವಚಿತ್ರ ಅಲ್ಲದೆ ಹೋಗುವುದಿಲ್ಲ ಅಂತಾಯಿತು. ಗೆದ್ದರೂ ಮನುಷ್ಯ ಕುಗ್ಗಿಹೋದರು, ಕೆಲ ಕಾಲ ಕುಂಚ ಹಿಡಿಯುವುದೇ ಕಷ್ಟವಾಯಿತು. ಆ ಚಿತ್ರವೂ 1958ರಲ್ಲಿ ಬೆಂಕಿಗೆ ಸಿಕ್ಕಿ ಹಾಳಾಯಿತು.

ಡೊಬೆಲ್ ಕೇಸು ಮುಗಿದು ಹತ್ತು ವರ್ಷ ಕಳೆದ ಮೇಲೆ ಇಂಗ್ಲೆಂಡಿನಲ್ಲಿ ಇನ್ನೊಂದು ರಾದ್ಧಾಂತ. ಚರ್ಚಿಲ್‌ಗೆ ಎಂಬತ್ತು ತುಂಬಿದಾಗ, 1954ರಲ್ಲಿ, ಸಂಸತ್ತಿನವರು ಗ್ರಹಾಂ ಸದರ್‌ಲ್ಯಾಂಡ್ ಕೈಲಿ ಚಿತ್ರ ಬರೆಸಿ ಉಡುಗೊರೆ ಕೊಟ್ಟರು. ಚಿತ್ರದಲ್ಲಿದ್ದದ್ದು ಕುರ್ಚಿಯಲ್ಲಿ ಕುಸಿದು ಕೂತ ಮುದುಕ. ಚರ್ಚಿಲ್ ವೇದಿಕೆ ಮೇಲೆ ‘ಆಧುನಿಕ ಕಲೆಗೆ ಒಳ್ಳೇ ಉದಾಹರಣೆ’ ಅನ್ನುವ ಅರ್ಥದಲ್ಲಿ ಕುಟುಕಿ ಸಭೆಯನ್ನು ನಗಿಸಿದರು. ಆಮೇಲೆ ಅವರ ಹೆಂಡತಿ ಆ ಚಿತ್ರವನ್ನು ಗುಟ್ಟಾಗಿ ನಾಶ ಮಾಡಿಸಿದರು. ಇಲ್ಲಿ ಗಮನಿಸಬೇಕಾದ್ದು ಏನು ಗೊತ್ತಾ, ಆ ಚಿತ್ರ ಹೋಲುತ್ತಿರಲಿಲ್ಲ ಅನ್ನುವುದು ಅಲ್ಲಿ ಮುಖ್ಯ ತಕರಾರು ಆಗಿರಲಿಲ್ಲ. ತೀರಾ ಹೋಲುತ್ತಿತ್ತು. ಅದೇ ತೊಂದರೆ.

ಇದು ಹಳೇ ಕಾಲದ ಕಥೆ ಅಂದುಕೊಳ್ಳಬೇಡಿ. 2024ರಲ್ಲೇ ಆಸ್ಟ್ರೇಲಿಯಾದ ಭಾರೀ ಶ್ರೀಮಂತೆ, ಗಣಿ ಒಡತಿ ಜೀನಾ ರೈನ್‌ಹಾರ್ಟ್ ತನ್ನ ಭಾವಚಿತ್ರವನ್ನು ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿಯ ಗೋಡೆಯಿಂದ ತೆಗೆಸಬೇಕು ಅಂತ ಕೇಳಿದರು. ಬರೆದವರು ವಿನ್ಸೆಂಟ್ ನಮಟ್ಜಿರಾ, ಅಲ್ಲಿನ ಮೂಲನಿವಾಸಿ ಕಲಾವಿದ. 2020ರಲ್ಲಿ ಆರ್ಚಿಬಾಲ್ಡ್ ಗೆದ್ದ ಮೊದಲ ಮೂಲನಿವಾಸಿಯೂ ಅವರೇ. ಅವರ ಶೈಲಿಯಲ್ಲಿ ಎಲ್ಲರ ಮುಖವೂ ಸೊಟ್ಟಗೆ, ಉಬ್ಬಿಕೊಂಡು, ಗದ್ದ ಇಳಿಬಿಟ್ಟುಕೊಂಡು ಇರುತ್ತದೆ. ಬ್ರಿಟನ್ನಿನ ರಾಣಿಯದೂ ಹಾಗೇ, ಪ್ರಧಾನಿಗಳದೂ ಹಾಗೇ, ಅಷ್ಟೇ ಯಾಕೆ, ತನ್ನದೂ ಹಾಗೇ. ಗ್ಯಾಲರಿಯವರು ತೆಗೆಯಲಿಲ್ಲ. ಒಂದು ಕೋಣೆಯಲ್ಲಿ ತಣ್ಣಗಿದ್ದ ಚಿತ್ರ ವಾರದೊಳಗೆ ಇಡೀ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ರೈನ್‌ಹಾರ್ಟ್ ತಮ್ಮ ಪಾಡಿಗೆ ಸುಮ್ನಿದ್ದಿದ್ದರೆ ನಾವ್ಯಾರೂ ನೋಡುತ್ತಲೇ ಇರಲಿಲ್ಲ!

ಇಷ್ಟೆಲ್ಲ ಹೇಳಿದ್ದು ಯಾಕೆ ಅಂದರೆ, ಭಾವಚಿತ್ರ ಯಾವತ್ತೂ ಇಬ್ಬರ ನಡುವಿನ ಹಗ್ಗಜಗ್ಗಾಟ. ಎದುರು ಕೂತವರಿಗೆ ತಾನು ಹೀಗೆ ಕಾಣಬೇಕು ಅಂತ ಆಸೆ. ಬರೆಯುವವರಿಗೆ ತಾನು ಕಂಡದ್ದನ್ನು ಇಡಬೇಕು ಅಂತ ಹಟ. ನಿಮ್ಮ ಮಗ ಫೋನಿನಿಂದ ಬರೆಯುವಾಗ ಈ ಜಗ್ಗಾಟವೇ ಇಲ್ಲ. ನಟ ಎದುರಿಗಿಲ್ಲ, ಬೇಸರ ಮಾಡಿಕೊಳ್ಳುವುದಿಲ್ಲ, ಅಲುಗಾಡುವುದಿಲ್ಲ, ‘ನನ್ನ ಮೂಗು ಹಾಗಿಲ್ಲಪ್ಪ’ ಅನ್ನುವುದಿಲ್ಲ. ಅವನ ಚಿತ್ರದಲ್ಲಿ ನನಗೆ ಕಂಡ ಕೊರತೆ ಇದೊಂದೇ.

ಹಾಗಂತ ಫೋಟೊ ನೋಡಿ ಬರೆಯುವುದೇ ಅಪರಾಧ ಅನ್ನೋ ಮೇಷ್ಟ್ರ ಗುಂಪಿಗೆ ನಾನು ಸೇರಿದವನಲ್ಲ. ಮಗನಿಗೆ ಮೊದಲು ತೋರಿಸಬೇಕಾದ ಕಲಾವಿದ ಅಂದರೆ ಅಮೆರಿಕದ ಚಕ್ ಕ್ಲೋಸ್. 1940ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡರು. ಜೀವಮಾನವಿಡೀ ಫೋಟೊದಿಂದಲೇ ಬರೆದರು, ನಿಮ್ಮ ಮಗನ ಹಾಗೆಯೇ ಅಳತೆ ತಪ್ಪದಿರಲು ಚೌಕದ ಗೆರೆ ಹಾಕಿಕೊಂಡು. 1967-68ರಲ್ಲಿ ಬರೆದ ಅವರ ದೊಡ್ಡ ಸ್ವಂತ ಭಾವಚಿತ್ರ ಸುಮಾರು ಒಂಬತ್ತು ಅಡಿ ಎತ್ತರ, ಬರೀ ಕಪ್ಪು ಬಿಳುಪು. ಬಾಯಲ್ಲಿ ಸಿಗರೇಟು, ಕೆದರಿದ ಕೂದಲು, ಮೇಲಿನಿಂದ ನಮ್ಮನ್ನು ನೋಡುತ್ತಿರುವ ಕಣ್ಣು. ಹತ್ತಿರ ಹೋದರೆ ಗೊತ್ತಾಗುತ್ತದೆ: ಕೆಲವು ಭಾಗ ಚೂಪಾಗಿದೆ, ಕಿವಿ, ಭುಜ ಮಸುಕಾಗಿದೆ. ಅದು ಕ್ಯಾಮೆರಾದ ಫೋಕಸ್. ಮನುಷ್ಯನ ಕಣ್ಣು ಹಾಗೆ ನೋಡುವುದಿಲ್ಲ. ಕ್ಲೋಸ್ ಆ ಮಸುಕನ್ನೂ ಬಿಡದೆ ಬರೆದರು. ‘ಇದು ಕ್ಯಾಮೆರಾ ನೋಡಿದ ಮುಖ’ ಅಂತ ಎದೆ ತಟ್ಟಿ ಹೇಳಿದ ಹಾಗೆ. ಫೋಟೊವನ್ನು ಮುಚ್ಚಿಡಲಿಲ್ಲ, ಫೋಟೊ ಬಗ್ಗೆಯೇ ಚಿತ್ರ ಬರೆದರು.

ಅವರಿಗೆ ಇನ್ನೊಂದು ತೊಂದರೆ ಇತ್ತು. ಮುಖಗಳ ಗುರುತು ಸಿಗುತ್ತಿರಲಿಲ್ಲ. ಮಿದುಳಿನ ಒಂದು ಸಮಸ್ಯೆ ಅದು, ಗೊತ್ತಿರುವವರೇ ಎದುರಿಗೆ ಬಂದರೂ ಯಾರು ಅಂತ ತಿಳಿಯುವುದಿಲ್ಲ. ಮುಖವನ್ನು ಚಪ್ಪಟೆ ಮಾಡಿ, ಚೌಕ ಚೌಕವಾಗಿ ಒಡೆದರೆ ಮಾತ್ರ ಅದು ತನ್ನ ತಲೆಯಲ್ಲಿ ಉಳಿಯುತ್ತದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಅಂದರೆ ಆ ಚೌಕ ಅವರಿಗೆ ಸುಲಭದ ದಾರಿ ಆಗಿರಲಿಲ್ಲ, ಇದ್ದ ಒಂದೇ ದಾರಿ ಆಗಿತ್ತು. 1988ರಲ್ಲಿ ಬೆನ್ನುಹುರಿಯ ರಕ್ತನಾಳದ ತೊಂದರೆಯಿಂದ ಮೈ ಸ್ವಾಧೀನ ತಪ್ಪಿತು. ಆಮೇಲೆ ಕೈಗೆ ಕುಂಚ ಕಟ್ಟಿಕೊಂಡು ಗಾಲಿಕುರ್ಚಿಯಲ್ಲಿ ಕೂತು ಬರೆದರು. ಒಂದೊಂದು ಚೌಕದಲ್ಲೂ ಬಣ್ಣಬಣ್ಣದ ಸುತ್ತು, ಉಂಗುರ, ಸೌತೆಬೀಜದಂಥ ಆಕಾರ. ಹತ್ತಿರದಿಂದ ಏನೂ ತಿಳಿಯುವುದಿಲ್ಲ, ಹಿಂದೆ ಸರಿದರೆ ಮುಖ ಎದ್ದು ಬರುತ್ತದೆ. ನಿಮ್ಮ ಮಗ ಚೌಕ ಹಾಕಿ ಆಮೇಲೆ ರಬ್ಬರಿನಿಂದ ಅಳಿಸುತ್ತಾನೆ ಅಲ್ವಾ? ಕ್ಲೋಸ್ ಅದನ್ನು ಉಳಿಸಿಕೊಂಡರು.

ಮಾರ್ಲೀನ್ ಡುಮಾ ಇನ್ನೊಂದು ದಿಕ್ಕಿನವರು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆಲೆಸಿದವರು. ಪತ್ರಿಕೆಯ ತುಣುಕು, ಪೋಲರಾಯ್ಡ್ ಫೋಟೊ ಇಟ್ಟುಕೊಂಡು ಬರೆಯುತ್ತಾರೆ. ಆದರೆ ಶಾಯಿಯನ್ನು ಒದ್ದೆ ಕಾಗದದ ಮೇಲೆ ಹರಿಯಬಿಟ್ಟು, ಅದು ಎಲ್ಲಿ ನಿಲ್ಲುತ್ತದೋ ಅಲ್ಲೇ ಬಿಡುತ್ತಾರೆ. ಫೋಟೊದ ಶೇಕಡಾ ತೊಂಬತ್ತನ್ನು ಎಸೆದು ಹತ್ತು ಉಳಿಸಿಕೊಂಡ ಹಾಗೆ ಕಾಣುತ್ತದೆ. ಏನನ್ನು ಬಿಡಬೇಕು ಅನ್ನುವುದನ್ನು ಅವರಿಂದ ಕಲಿಯಬಹುದು. ನಿಮ್ಮ ಮಗ ಸದ್ಯಕ್ಕೆ ಏನನ್ನೂ ಬಿಡುತ್ತಿಲ್ಲ. ಶರ್ಟಿನ ಗುಂಡಿಗೂ ಕಣ್ಣಿಗೂ ಒಂದೇ ಶ್ರದ್ಧೆ.

ಎಮಿ ಶೆರಾಲ್ಡ್ ಮತ್ತು ಕೆಹಿಂಡೆ ವೈಲಿ, ಇವರಿಬ್ಬರ ಹೆಸರು ನೀವು ಕೇಳಿರಬಹುದು. 2018ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿ ಒಬಾಮಾ ದಂಪತಿಯ ಚಿತ್ರಗಳನ್ನು ಬಿಡುಗಡೆ ಮಾಡಿತು. ಬರಾಕ್ ಚಿತ್ರ ವೈಲಿಯದು, ಮಿಶೆಲ್ ಚಿತ್ರ ಶೆರಾಲ್ಡ್‌ದು. ಇಬ್ಬರೂ ಫೋಟೊದಿಂದಲೇ ಬರೆಯುವವರು, ಆದರೆ ಆ ಫೋಟೊ ತಮ್ಮದೇ. ಯಾರನ್ನು ಕೂರಿಸಬೇಕು, ಏನು ಉಡಿಸಬೇಕು, ಹೇಗೆ ನಿಲ್ಲಬೇಕು ಎಲ್ಲ ಇವರೇ ನೋಡಿಕೊಳ್ಳುತ್ತಾರೆ. ವೈಲಿ ಚಿತ್ರದಲ್ಲಿ ಹಿಂದಿನ ಎಲೆಬಳ್ಳಿಯ ನಡುವೆ ಹೂಗಳಿವೆ. ಸೇವಂತಿಗೆ ಶಿಕಾಗೋದ್ದು, ಮಲ್ಲಿಗೆ ಹವಾಯಿಯದು, ನೀಲಿ ಲಿಲ್ಲಿ ತಂದೆಯ ಊರಾದ ಕೀನ್ಯಾಕ್ಕೆ. ಒಬ್ಬ ಮನುಷ್ಯನ ಊರುಗಳೆಲ್ಲ ಗೋಡೆಯಾಗಿವೆ. ಇದೇ ವೈಲಿ ಬೀದಿಯಲ್ಲಿ ಸಿಕ್ಕ ಕಪ್ಪು ಹುಡುಗರನ್ನು ಕರೆತಂದು, ಯುರೋಪಿನ ಹಳೇ ರಾಜರ ಚಿತ್ರಗಳನ್ನು ತೋರಿಸಿ, ‘ಇದರಲ್ಲಿ ಯಾವ ಭಂಗಿ ಬೇಕು ನೀನೇ ಆರಿಸಿಕೋ’ ಅನ್ನುತ್ತಿದ್ದರು. ಹಾಗೆ 2005ರಲ್ಲಿ ಬಂದದ್ದು ಹಳೇ ಚಿತ್ರದ ನೆಪೋಲಿಯನ್ ಜಾಗದಲ್ಲಿ, ಅದೇ ಕುದುರೆಯ ಮೇಲೆ, ಸೈನಿಕರ ಥರದ ಮಚ್ಚೆ ಬಟ್ಟೆ, ದಪ್ಪ ಬೂಟು ಹಾಕಿದ ಹುಡುಗ. ಈಗ ಬ್ರೂಕ್ಲಿನ್ ಮ್ಯೂಸಿಯಂನಲ್ಲಿದೆ.

ಶೆರಾಲ್ಡ್ ಚಿತ್ರಕ್ಕೆ ಬಂದ ಬೈಗುಳ ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುತ್ತದೆ. ‘ಮಿಶೆಲ್ ಥರ ಕಾಣೋದೇ ಇಲ್ಲ’ ಅಂತ ಜನ ರೇಗಿದರು. ಶೆರಾಲ್ಡ್ ಕಪ್ಪು ಜನರ ಮೈಬಣ್ಣವನ್ನು ಕಂದು ಬಣ್ಣದಲ್ಲಿ ಬರೆಯುವುದಿಲ್ಲ, ಬೂದು ಬಣ್ಣದಲ್ಲಿ ಬರೆಯುತ್ತಾರೆ. ನೋಡಿದ ತಕ್ಷಣ ಚರ್ಮದ ಬಣ್ಣಕ್ಕೆ ಕಣ್ಣು ಅಂಟಿಕೊಳ್ಳಬಾರದು ಅನ್ನುವುದು ಅವರ ಲೆಕ್ಕ. ಬಟ್ಟೆಯ ಬಣ್ಣ ಮಾತ್ರ ಢಾಳಾಗಿರುತ್ತದೆ. ಮಿಶೆಲ್ ಚಿತ್ರದ ಹೆಚ್ಚಿನ ಜಾಗವನ್ನು ಆ ಅಗಲವಾದ ಗೌನೇ ತಿಂದಿದೆ. ನನ್ನ ಕಣ್ಣಿಗೂ ಬಾಯಿ ಮತ್ತು ಗದ್ದದ ಹತ್ತಿರ ಹೋಲಿಕೆ ಸಡಿಲವಾಗಿಯೇ ಕಾಣುತ್ತದೆ, ಅದರಲ್ಲಿ ಮುಚ್ಚುಮರೆ ಬೇಡ. ಆದರೆ ಆ ಚಿತ್ರದ ಮುಂದೆ ಎರಡು ವರ್ಷದ ಮಗುವೊಂದು ಬಾಯಿ ಬಿಟ್ಟುಕೊಂಡು ನಿಂತ ಫೋಟೊ ಊರೆಲ್ಲ ಓಡಾಡಿತು. ಜನ ಎಷ್ಟು ಬಂದರು ಅಂದರೆ ಗ್ಯಾಲರಿಯವರು ಚಿತ್ರವನ್ನು ದೊಡ್ಡ ಜಾಗಕ್ಕೆ ಸಾಗಿಸಬೇಕಾಯಿತು. ಸಡಿಲ ಹೋಲಿಕೆಯ ಚಿತ್ರಕ್ಕೆ ಇಷ್ಟು ದೊಡ್ಡ ಸಾಲು!

ಇನ್ನು ಎದುರಿಗೆ ಕೂರಿಸಿಕೊಂಡು ಬರೆಯುವವರು. ನನಗೆ ಜಾಸ್ತಿ ಇಷ್ಟ ಇವರು, ಪಕ್ಷಪಾತ ಅಂದುಕೊಳ್ಳಿ.

ಲೂಸಿಯನ್ ಫ್ರಾಯ್ಡ್ 2011ರಲ್ಲಿ ತೀರಿಕೊಂಡರು. ಮನಶ್ಶಾಸ್ತ್ರದ ಫ್ರಾಯ್ಡ್‌ನ ಮೊಮ್ಮಗ. ಒಂದು ಚಿತ್ರಕ್ಕೆ ತಿಂಗಳುಗಟ್ಟಲೆ ಕೂರಿಸುತ್ತಿದ್ದರು. 2002ರಲ್ಲಿ ಇಂಗ್ಲೆಂಡಿನ ಇನ್ನೊಬ್ಬ ದೊಡ್ಡ ಕಲಾವಿದ ಡೇವಿಡ್ ಹಾಕ್ನಿಯ ಚಿತ್ರ ಬರೆದಾಗ ಹಾಕ್ನಿ ನೂರು ಗಂಟೆಗೂ ಜಾಸ್ತಿ ಕೂತರು. ಸರದಿ ಬದಲಾಗಿ ಹಾಕ್ನಿ ಬರೆಯುವಾಗ ಫ್ರಾಯ್ಡ್ ಕೂತದ್ದು ಕೆಲವೇ ಗಂಟೆ! ಇದನ್ನು ಹಾಕ್ನಿ ನಗುತ್ತಾ ಎಲ್ಲರಿಗೂ ಹೇಳುತ್ತಿದ್ದರು. ಅಷ್ಟು ಹೊತ್ತು ಕೂತರೆ ಏನಾಗುತ್ತದೆ? ಮೊದಲ ದಿನ ಎಲ್ಲರೂ ಫೋಟೊಗೆ ಕೂತ ಹಾಗೆ ಕೂರುತ್ತಾರೆ, ಬೆನ್ನು ನೇರ, ಮುಖದಲ್ಲಿ ಅದೇ ಮದುವೆಮನೆ ನಗು. ಆ ಮುಖ ಎಷ್ಟು ಹೊತ್ತು ನಿಲ್ಲುತ್ತೆ ಹೇಳಿ. ದಿನ ಕಳೆದಂತೆ ಬೆನ್ನು ಬಾಗುತ್ತದೆ, ಕೆನ್ನೆ ಇಳಿಯುತ್ತದೆ, ಮಾತು ನಿಲ್ಲುತ್ತದೆ, ಆಗ ಹೊರಬರುವ ಮುಖ ಮನೆಯವರಿಗೆ ಮಾತ್ರ ಗೊತ್ತಿರುವ ಮುಖ. ಫ್ರಾಯ್ಡ್ ಕಾಯುತ್ತಿದ್ದದ್ದು ಅದಕ್ಕೇ. ಲಂಡನ್ನಿನ ಭತ್ಯೆ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ ಸ್ಯೂ ಟಿಲ್ಲಿ ಅನ್ನುವ ಸ್ಥೂಲಕಾಯದ ಹೆಂಗಸು ಸೋಫಾ ಮೇಲೆ ನಿದ್ದೆ ಹೋಗಿರುವ 1995ರ ಚಿತ್ರ, 2008ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 3.36 ಕೋಟಿ ಡಾಲರಿಗೆ ಹೋಯಿತು. ಆಗ ಬದುಕಿದ್ದ ಕಲಾವಿದರಲ್ಲಿ ಅದೇ ದಾಖಲೆ. ಅದೇ ಫ್ರಾಯ್ಡ್ ರಾಣಿ ಎಲಿಜಬೆತ್‌ಳನ್ನು 2000-01ರಲ್ಲಿ ಬರೆದದ್ದು ಒಂದು ನೋಟ್‌ಬುಕ್ಕಿನಷ್ಟು ಗಾತ್ರದಲ್ಲಿ, ಉದ್ದ 23 ಸೆಂಟಿಮೀಟರ್ ಚಿಲ್ಲರೆ, ಅಗಲ 15. ಪತ್ರಿಕೆಗಳು ಉಗಿದವು. ರಾಣಿ ತುಟಿ ಬಿಚ್ಚಲಿಲ್ಲ.

ಹಾಕ್ನಿ ತದ್ವಿರುದ್ಧ. 2016ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ 82 ಭಾವಚಿತ್ರ ಒಟ್ಟಿಗೆ ತೂಗುಹಾಕಿದರು. ಎಲ್ಲರಿಗೂ ಅದೇ ಒಂದು ಹಳದಿ ಕುರ್ಚಿ, ಒಂದೇ ಅಳತೆಯ ಕ್ಯಾನ್ವಾಸ್, ತಲಾ ಮೂರು ದಿನ. ಗ್ಯಾಲರಿ ಮಾಲೀಕರೂ ಕೂತರು, ಮನೆ ಕೆಲಸದವರೂ ಕೂತರು, ಗೆಳೆಯರ ಮಕ್ಕಳೂ ಕೂತರು. ಒಬ್ಬರು ಹೇಳಿದ ದಿನ ಬರಲಿಲ್ಲ. ಸಿಟ್ಟಿಗೋ ತಮಾಷೆಗೋ ಹಾಕ್ನಿ ಮನೆಯಲ್ಲಿದ್ದ ಹಣ್ಣು ತರಕಾರಿಯನ್ನು ಜೋಡಿಸಿ ಬರೆದು ಅದನ್ನೂ ಅದೇ ಸಾಲಿನಲ್ಲಿ ತೂಗುಹಾಕಿದರು. ಕುರ್ಚಿ ಒಂದೇ ಆದ್ದರಿಂದ, ಯಾರು ಹೇಗೆ ಕೂರುತ್ತಾರೆ ಅನ್ನುವುದೇ ಕಣ್ಣಿಗೆ ಹೊಡೆಯುತ್ತದೆ. ಕಾಲು ಹೇಗಿಟ್ಟಿದ್ದಾರೆ, ಕೈ ಎಲ್ಲಿ ಇಡಬೇಕು ಅಂತ ಗೊತ್ತಾಗದೆ ಒದ್ದಾಡಿದ್ದಾರಾ, ಅಂಚಿನಲ್ಲಿ ಕೂತಿದ್ದಾರಾ, ಒರಗಿದ್ದಾರಾ. ಮುಖಕ್ಕಿಂತ ಮೊಣಕಾಲು ಜಾಸ್ತಿ ಮಾತಾಡುತ್ತದೆ. ಮುಖಕ್ಕೇ ಅಂಟಿಕೊಂಡಿರುವ ನಿಮ್ಮ ಮಗನಿಗೆ ಇದನ್ನು ಖಂಡಿತ ತೋರಿಸಿ.

ಆಲಿಸ್ ನೀಲ್ ಅವರನ್ನೂ. 1900ರಲ್ಲಿ ಹುಟ್ಟಿದವರು. ನ್ಯೂಯಾರ್ಕಿನಲ್ಲಿ ಅಕ್ಕಪಕ್ಕದ ಬಡವರನ್ನು, ಬಸುರಿಯರನ್ನು, ಕವಿಗಳನ್ನು ಮನೆಗೆ ಕರೆದು ಕೂರಿಸಿ ಬರೆದರು. ಎಲ್ಲರೂ ಅಮೂರ್ತ ಚಿತ್ರದ ಹಿಂದೆ ಬಿದ್ದಿದ್ದ ಕಾಲ ಅದು, ಮನುಷ್ಯರ ಚಿತ್ರ ಬರೆಯುವವರನ್ನು ಕೇಳುವವರಿರಲಿಲ್ಲ. ದೊಡ್ಡ ಮ್ಯೂಸಿಯಂ ಅವರಿಗೆ ಪ್ರದರ್ಶನ ಕೊಟ್ಟಾಗ ಅವರಿಗೆ ಎಪ್ಪತ್ತು ದಾಟಿತ್ತು. 1970ರಲ್ಲಿ ಹೆಸರಾಂತ ಕಲಾವಿದ ಆಂಡಿ ವಾರ್ಹಾಲ್ ನೀಲ್ ಎದುರು ಅಂಗಿ ಬಿಚ್ಚಿ ಕೂತರು. ಎರಡು ವರ್ಷದ ಹಿಂದೆ ಗುಂಡೇಟು ತಿಂದು ಬದುಕಿದ್ದ ಮೈ ಅದು: ಹೊಲಿಗೆಯ ಗುರುತು, ಸೊಂಟಕ್ಕೆ ಪಟ್ಟಿ, ಕಣ್ಣು ಮುಚ್ಚಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಫೋಟೊ ತೆಗೆಸಿಕೊಂಡವರಲ್ಲಿ ಒಬ್ಬ, ಇಲ್ಲಿ ಮಾತ್ರ ಬರೀ ಮನುಷ್ಯ. ಸೋಫಾವನ್ನು ನಾಲ್ಕು ಗೆರೆಯಲ್ಲಿ ಮುಗಿಸಿದ್ದಾರೆ, ಸುತ್ತ ಕ್ಯಾನ್ವಾಸ್ ಖಾಲಿ. ಎಂಬತ್ತರ ವಯಸ್ಸಿನಲ್ಲಿ ನೀಲ್ ತನ್ನದೇ ನಗ್ನ ಚಿತ್ರವನ್ನೂ ಬರೆದರು, ಕೈಯಲ್ಲಿ ಕುಂಚ, ಮೂಗಿನ ಮೇಲೆ ಕನ್ನಡಕ.

ನನ್ನ ವಾದಕ್ಕೆ ಅಡ್ಡ ಬರುವವರು ಒಬ್ಬರಿದ್ದಾರೆ, ಅವರನ್ನು ಬಿಟ್ಟು ಮುಂದೆ ಹೋದರೆ ಮೋಸವಾಗುತ್ತದೆ. ಲಂಡನ್ನಿನ ಲಿನೆಟ್ ಯಾಡಂ-ಬೋಚಿ. 1977ರಲ್ಲಿ ಹುಟ್ಟಿದವರು, ಘಾನಾ ಮೂಲ. ಅವರ ಚಿತ್ರಗಳಲ್ಲಿರುವ ಯಾರೂ ಈ ಲೋಕದಲ್ಲಿ ಇಲ್ಲ. ಎಲ್ಲ ಕಲ್ಪನೆಯ ಜನ. ಎದುರಿಗೆ ಯಾರೂ ಕೂರುವುದಿಲ್ಲ, ಹೆಚ್ಚಿನ ಚಿತ್ರಗಳನ್ನು ಒಂದೇ ದಿನದಲ್ಲಿ ಮುಗಿಸಿಬಿಡುತ್ತಾರೆ. ಹಾಗಾದರೆ ಅದನ್ನು ಭಾವಚಿತ್ರ ಅನ್ನಬೇಕಾ? ಜನ ಜಗಳಾಡುತ್ತಾರೆ. ಅವರ ಚಿತ್ರ ನೋಡಿದರೆ ‘ಇವರನ್ನು ಎಲ್ಲೋ ನೋಡಿದ್ದೀನಲ್ಲ’ ಅನ್ನಿಸುತ್ತದೆ, ಅಷ್ಟಂತೂ ನಿಜ. ಹೋಲಿಕೆಗೆ ಅಸಲು ಮನುಷ್ಯನೇ ಬೇಕಿಲ್ಲ ಅಂತಾದರೆ, ‘ಫೋಟೊನೇ ಇದ್ದಂಗಿದೆ’ ಅನ್ನುವ ಹೊಗಳಿಕೆಯ ಬೆಲೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ನಮ್ಮಲ್ಲಿಗೆ ಬರೋಣ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರೆಲ್ಲ ಆ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ನಿಂತೇ ನಿಂತಿರುತ್ತಾರೆ. ತುಂಬ ಜನ ಅದು ರವಿವರ್ಮನದ್ದು ಅಂದುಕೊಂಡಿದ್ದಾರೆ, ಅಲ್ಲ. ಬರೆದವರು ಎಸ್.ಎಲ್. ಹಲ್ದಣಕರ್, ಅದೂ ಜಲವರ್ಣದಲ್ಲಿ. ದೀಪ ಹಿಡಿದು ನಿಂತವರು ಅವರ ಸ್ವಂತ ಮಗಳು. ಬೆರಳ ಸಂದಿಯಲ್ಲಿ ಕೆಂಪಗೆ ಸೋಸಿ ಬರುವ ಆ ಬೆಳಕಿಗೆ ಮನೆ ಹುಡುಗಿ ಸುಮ್ಮನೆ ನಿಂತು ಸಹಕರಿಸಿದ್ದಾಳೆ. ಮಗನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ, ಫೋನ್ ಜೇಬಿನಲ್ಲೇ ಇರಲಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ರಷ್ಯಾ ಮೂಲದ ಕಲಾವಿದರಾದ ರೋರಿಕ್ ತಂದೆ ಮಗನ ಚಿತ್ರಗಳಿವೆ. ಮಗ ಸ್ವೆತೊಸ್ಲಾವ್, ತಾತಗುಣಿಯ ತೋಟದಲ್ಲಿ ದೇವಿಕಾರಾಣಿಯವರೊಂದಿಗೆ ನೆಲೆಸಿದ್ದವರು, ನೆಹರು ಮತ್ತು ಇಂದಿರಾ ಇಬ್ಬರ ಭಾವಚಿತ್ರವನ್ನೂ ಬರೆದವರು. ಅಪ್ಪನನ್ನೂ ಹೆಂಡತಿಯನ್ನೂ ಅವರು ಮತ್ತೆ ಮತ್ತೆ ಬರೆದರು. ಒಬ್ಬರನ್ನೇ ಹತ್ತು ಸಲ ಬರೆಯುವುದು ಹತ್ತು ಜನರನ್ನು ಒಂದೊಂದು ಸಲ ಬರೆಯುವುದಕ್ಕಿಂತ ಕಷ್ಟ.

ಬೆಂಗಳೂರಿನವರೇ ಆದ ಎನ್. ಪುಷ್ಪಮಾಲಾ ಕುಂಚವನ್ನೇ ಮುಟ್ಟದೆ ಭಾವಚಿತ್ರದ ಬುಡ ಅಲ್ಲಾಡಿಸಿದವರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ಒಂದು ಸರಣಿ ಮಾಡಿದರು. ತಾವೇ ವೇಷ ಹಾಕಿಕೊಂಡು ರವಿವರ್ಮನ ಲಕ್ಷ್ಮಿಯಾದರು, ಬಿಜಾಪುರದ ಹಳೇ ಚಿತ್ರವೊಂದರ ಯೋಗಿನಿಯಾದರು, ಬ್ರಿಟಿಷರ ಕಾಲದ ಜನಾಂಗ ಅಧ್ಯಯನದವರು ಅಳತೆಯ ಚೌಕದ ಮುಂದೆ ನಿಲ್ಲಿಸಿ ತೆಗೆದ ತೋಡ ಹೆಂಗಸಾದರು, ಪತ್ರಿಕೆಯಲ್ಲಿ ಬಂದ ‘ಸಿಕ್ಕಿಬಿದ್ದ ಕಳ್ಳಿಯರ’ ಫೋಟೊ ಕೂಡ ಆದರು. ನೋಡುತ್ತಾ ಹೋದರೆ ಹೊಳೆಯುತ್ತದೆ: ದೇವಿಯಾಗಲಿ ಕಳ್ಳಿಯಾಗಲಿ, ಹೆಂಗಸು ಹೇಗೆ ನಿಲ್ಲಬೇಕು ಅಂತ ಇನ್ಯಾರೋ ಮೊದಲೇ ತೀರ್ಮಾನಿಸಿಬಿಟ್ಟಿದ್ದಾರೆ. ತೀರ್ಮಾನ ಯಾರದು ಅನ್ನುವ ನನ್ನ ಪ್ರಶ್ನೆಯನ್ನು ಅವರು ನನಗಿಂತ ಎಷ್ಟೋ ಚೂಪಾಗಿ ಕೇಳಿದ್ದಾರೆ.

ಈಗ ಹೊಟ್ಟೆಪಾಡಿನ ಮಾತು. ಆಗುತ್ತದೆ, ಆದರೆ ಬರೀ ನಟರ ಚಿತ್ರದಿಂದ ಕಷ್ಟ. ಜೊತೆಗೆ ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಸಿಕ್ಕ ಫೋಟೊ ಯಾರದೋ ಆಸ್ತಿ. ಮನೆಯಲ್ಲಿ ಅಭ್ಯಾಸಕ್ಕೆ ಬಿಡಿಸಿದರೆ ಯಾರೂ ಕೇಳುವುದಿಲ್ಲ, ಮಾರಲು ಹೊರಟರೆ ಕೇಳಬಹುದು. ಒಬಾಮಾ ಚುನಾವಣೆಯ ಆ ಕೆಂಪು ನೀಲಿ ಪೋಸ್ಟರ್ ಮಾಡಿದ ಶೆಪರ್ಡ್ ಫೇರಿ ಸುದ್ದಿಸಂಸ್ಥೆಯೊಂದರ ಫೋಟೊ ಬಳಸಿದ್ದಕ್ಕೆ ಕೋರ್ಟಿನ ಜಗಳವಾಗಿ 2011ರಲ್ಲಿ ರಾಜಿಯಾದರು. ಬೆಲ್ಜಿಯಂನ ಲುಕ್ ಟೌಮನ್ಸ್ ಚಿಕ್ಕ ಕಲಾವಿದನೇನಲ್ಲ. ರಾಜಕಾರಣಿಯೊಬ್ಬರ ಪತ್ರಿಕಾ ಫೋಟೊ ನೋಡಿ ಬರೆದದ್ದಕ್ಕೆ 2015ರಲ್ಲಿ ಅಲ್ಲಿನ ಕೋರ್ಟ್ ಇದು ಕೃತಿಚೌರ್ಯ ಅಂದಿತು, ಆಮೇಲೆ ಹೊರಗೆ ರಾಜಿ ಮಾಡಿಕೊಂಡರು. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ, ಗಾಯಕ ಪ್ರಿನ್ಸ್‌ನ ಫೋಟೊದಿಂದ ವಾರ್ಹಾಲ್ ಮಾಡಿದ ಚಿತ್ರವನ್ನು ಪತ್ರಿಕೆಗೆ ಕೊಟ್ಟ ವಿಷಯದಲ್ಲಿ, ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ ಪರವಾಗಿ ತೀರ್ಪು ಕೊಟ್ಟಿತು. ಏಳು ಜನ ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ನಮ್ಮ ಕಾನೂನು ಬೇರೆ, ಆದರೂ ಫೋಟೊ ತೆಗೆದವರಿಗೆ ಹಕ್ಕಿದೆ ಅನ್ನುವುದು ಇಲ್ಲಿಯೂ ಅಷ್ಟೇ ನಿಜ.

ಅದಕ್ಕಿಂತ ಒಳ್ಳೇ ದಾರಿ ನಿಮ್ಮ ಊರಿನಲ್ಲೇ ಇದೆ. ನಿವೃತ್ತರಾಗುವ ಹೆಡ್‌ಮಾಸ್ಟರು, ಸಹಕಾರ ಸಂಘದ ಅಧ್ಯಕ್ಷರು, ಮನೆಯ ಅಜ್ಜಿ ತಾತ, ಇವರ ಚಿತ್ರಕ್ಕೆ ನಮ್ಮಲ್ಲಿ ಇವತ್ತಿಗೂ ಬೇಡಿಕೆ ಇದೆ. ತೊಂದರೆ ಒಂದೇ, ಹೆಚ್ಚಿನವರು ತೀರಿಕೊಂಡ ಮೇಲೆ ಬರುತ್ತಾರೆ, ಮಾಸಿದ ಒಂದು ಪಾಸ್‌ಪೋರ್ಟ್ ಫೋಟೊ ಹಿಡಿದುಕೊಂಡು, ‘ಸ್ವಲ್ಪ ಬೆಳ್ಳಗೆ ಮಾಡಿ, ಒಂದು ಶಲ್ಯ ಹಾಕಿ’ ಅಂತ. ಆ ಕೆಲಸ ಕೀಳಲ್ಲ, ಮಾಡಲಿ. ಆದರೆ ಬದುಕಿರುವಾಗಲೇ ಕೂರಿಸಿ ಬರೆಸಿಕೊಳ್ಳುವಂತೆ ಕೇಳುವುದನ್ನು ಅವನು ಕಲಿಯಬೇಕು. ಬೆಲೆ, ಅಳತೆ, ಎಷ್ಟು ಸಲ ಕೂರಬೇಕು, ಅರ್ಧ ಹಣ ಮುಂಗಡ, ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡುಬಿಡಲಿ. ಜೊತೆಗೆ ಚಿತ್ರ ಒಪ್ಪುವವರು ಯಾರೋ ಒಬ್ಬರೇ ಅಂತಲೂ ಬರೆದಿರಲಿ. ಇಲ್ಲದಿದ್ದರೆ ಅಳಿಯ ಬಂದು ಮೀಸೆ ದಪ್ಪ ಮಾಡಿ ಅಂತಾನೆ, ಮಗಳು ಬಂದು ತೆಳ್ಳಗೆ ಮಾಡಿ ಅಂತಾಳೆ. ಬಿ.ಕಾಂ. ಮುಗಿಸಲಿ, ಲೆಕ್ಕ ಇಡಲು ಬರುವ ಕಲಾವಿದರು ನಮ್ಮಲ್ಲಿ ಕಡಿಮೆ. ಆಮೇಲೂ ಆಸೆ ಇದ್ದರೆ ಚಿತ್ರಕಲಾ ಪರಿಷತ್ತಿನ ಕಾಲೇಜು ಇದೆ, ಮೈಸೂರಿನಲ್ಲಿ ಕಾವಾ ಅನ್ನುವ ಸರ್ಕಾರಿ ಕಲಾ ಕಾಲೇಜು ಇದೆ, ದೃಶ್ಯಕಲಾ ಪದವಿಗೆ ನಾಲ್ಕು ವರ್ಷ.

ಅಲ್ಲಿಯವರೆಗೆ ದಿನಾ ಅರ್ಧ ಗಂಟೆ ಮನೆಯವರಲ್ಲಿ ಒಬ್ಬರನ್ನು ಕೂರಿಸಿ ಬರೆಯಲಿ. ಮೊದಲು ನಿಮ್ಮನ್ನೇ. ಟಿವಿ ನೋಡುತ್ತಿರುವಾಗ ಆದರೂ ಪರವಾಗಿಲ್ಲ. ಮೊದಮೊದಲು ಕೆಟ್ಟದಾಗಿ ಬರುತ್ತದೆ, ಫೋನ್ ನೋಡಿ ಬರೆದದ್ದರ ಹತ್ತಿರಕ್ಕೂ ಸುಳಿಯುವುದಿಲ್ಲ, ಆಗ ನೀವು ‘ನಾನು ಹೀಗಿದ್ದೀನಾ’ ಅಂತ ಮಾತ್ರ ಕೇಳಬೇಡಿ. ಫೋಟೊದಿಂದಲೇ ಬರೆಯುವುದಾದರೆ ತಾನೇ ತೆಗೆಯಲಿ, ಕಿಟಕಿ ಪಕ್ಕ ಕೂರಿಸಿ, ಒಂದೆರಡು ಮೀಟರ್ ದೂರ ನಿಂತು. ತೀರಾ ಹತ್ತಿರದಿಂದ ತೆಗೆದರೆ ಫೋನಿನ ಅಗಲ ಲೆನ್ಸ್ ಮೂಗನ್ನು ದೊಡ್ಡದು ಮಾಡಿ ಕಿವಿಯನ್ನು ಹಿಂದಕ್ಕೆ ತಳ್ಳುತ್ತದೆ. ಅವನ ಎರಡನೇ ಚಿತ್ರದಲ್ಲಿ ಆ ಲೆನ್ಸಿನ ಮೂಗು ಹಾಗೇ ಬಂದಿದೆ, ಅವನು ನೋಡಿಕೊಂಡಂತಿಲ್ಲ. ಚರ್ಮ ನುಣುಪು ಮಾಡುವ ಫಿಲ್ಟರ್ ಆಫ್ ಇರಲಿ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತದೆ, ಅಲ್ಲಿ ರಸ್ತೆ ಬದಿ ಕೂತು ಬಂದವರ ಮುಖವನ್ನು ಸ್ಥಳದಲ್ಲೇ ಬಿಡಿಸಿಕೊಡುವವರು ಇರುತ್ತಾರೆ. ಅವರ ಬೆನ್ನ ಹಿಂದೆ ಒಂದು ಗಂಟೆ ನಿಂತು ನೋಡಲಿ: ಎಲ್ಲಿಂದ ಶುರು ಮಾಡುತ್ತಾರೆ, ಏನನ್ನು ಬಿಟ್ಟುಬಿಡುತ್ತಾರೆ, ಮಗು ಅಲುಗಾಡಿದಾಗ ಏನು ಮಾಡುತ್ತಾರೆ.

ಬಣ್ಣಕ್ಕೆ ಈಗಲೇ ಹೋಗುವುದು ಬೇಡ. ಪೆನ್ಸಿಲ್ ಜೊತೆಗೆ ಚಾರ್ಕೋಲ್ ಕೊಡಿಸಿ, ದೊಡ್ಡ ಕಾಗದ ಕೊಡಿಸಿ. ಚಾರ್ಕೋಲ್‌ನಲ್ಲಿ ರೆಪ್ಪೆಕೂದಲು ಎಣಿಸಿ ಬರೆಯಲು ಆಗುವುದಿಲ್ಲ, ಅವನಿಗೆ ಸದ್ಯಕ್ಕೆ ಬೇಕಾಗಿರುವುದು ಅದೇ. ಆರು ತಿಂಗಳು ಕಳೆದ ಮೇಲೆ, ಎದುರು ಕೂರಿಸಿ ಬರೆದ ಚಿತ್ರಗಳನ್ನೇ ಕಳಿಸಲಿ, ಕೆಟ್ಟವನ್ನೂ ಸೇರಿಸಿ.